ಹದಿನಾರಕ್ಕೆ ಐದು ತಿಂಗಳು

ಕಾಗದದಲ್ಲಿ ಎರಡು ಗೆರೆ,
ಒಂದು ತಂದೆಗೆ, ಒಂದು ತಾಯಿಗೆ.
ಮಗಳಿಗೆ ಗೆರೆಯಿಲ್ಲ.
ಹದಿನಾರು ತುಂಬಿದ್ದರೆ ಇರುತ್ತಿತ್ತು, ಅಂದರು ಡಾಕ್ಟರ್ ಹಾಲ್ದಿಸ್,
ತಪ್ಪು ತಮ್ಮದೇ ಎಂಬಂತೆ.
ಹದಿನಾರಕ್ಕಿನ್ನೂ ಐದು ತಿಂಗಳು.
ಮೂಳೆಯೊಳಗೆ ಕೂತದ್ದು ಐದು ವಾರವೂ ಕಾಯುವುದಿಲ್ಲ.

ಟ್ರೊಮ್ಸೊ. ಆರನೇ ಮಹಡಿ. ನಾಲ್ಕು ಗಂಟೆಗೇ ಕತ್ತಲು.
ಕಿಟಕಿಯಾಚೆ, ಕಡಲಿನ ಕಿರಿದಾದ ತೋಳಿನಲ್ಲಿ
ಒಂದು ಹಡಗು ದೀಪ ಹಚ್ಚಿಕೊಂಡು ಸುಮ್ಮನೆ ನಿಂತಿತ್ತು.

ದಾರಿ ಎರಡು, ಅಂದರು.
ರೋಗದ ತುಂಡು ತೆಗೆದು ಲೋಹದ ಮಂಡಿ ಕೂರಿಸುವುದು;
ಕಾಲು ಕಾಲಿನಂತೆಯೇ ಕಾಣುತ್ತದೆ.
(ಮದುವೆಯ ದಿನ ಯಾರಿಗೂ ತಿಳಿಯದು.
ಇದು ನನ್ನ ಹೆಂಡತಿ ಸೇರಿಸಿದ್ದು.)
ಇಲ್ಲವೇ ಮಂಡಿಯನ್ನೇ ತೆಗೆದು
ಕೆಳಗಿನ ಕಾಲನ್ನು ಹಿಂದುಮುಂದಾಗಿ ತಿರುಗಿಸಿ
ತೊಡೆಗೆ ಜೋಡಿಸುವುದು.
ಹಿಮ್ಮಡಿ ಮುಂದೆ, ಬೆರಳು ಹಿಂದೆ.
ಕಣಕಾಲಿನ ಕೀಲೇ ಮಂಡಿಯಾಗುತ್ತದೆ, ಅದಕ್ಕೊಂದು ಕಟ್ಟುಗಾಲು.
ಚಿತ್ರ ತೋರಿಸಿದರು.
ನಾನು ಹಡಗು ನೋಡಿದೆ.

ರಿಸ್ತೆನ್ ಬೆರಳಿಟ್ಟು ನೋಡಿದಳು,
ಔಷಧಿಗೆ ಕೂದಲುದುರಿದ ತಲೆ ಬಗ್ಗಿಸಿ.
ಲೋಹದ್ದನ್ನು ಎಷ್ಟು ಸಲ ಬಿಚ್ಚಬೇಕು?
ಜೀವಮಾನದಲ್ಲಿ ಮೂರು ಸಲ, ನಾಲ್ಕು ಸಲ, ಹೇಳಲಾಗದು.
ಸೋಂಕಾದರೆ?
ಕಾಲೇ ಹೋಗಬಹುದು.
ಹಿಮದ ಗಾಡಿಯಿಂದ ಹಾರಬಹುದಾ? ಓಡಬಹುದಾ?
ಮೊದಲನೆಯದರಲ್ಲಿ ಬೇಡ.
ಎರಡನೆಯದರಲ್ಲಿ, ಕಲಿತರೆ, ಓಡಬಹುದು.
ಹಾಗಾದರೆ ತಿರುಗಿಸಿ, ಅಂದಳು,
ಕಾಫಿಗೆ ಸಕ್ಕರೆ ಬೇಡ ಅನ್ನುವಂತೆ.

ಹೆಂಡತಿ ಕಾರಿಡಾರಿಗೆ ಎದ್ದುಹೋದಳು.
ಕಾಫಿ ಯಂತ್ರ ಗೊರಗೊರ ಅಂದಿತು.
ಲೋಟ ಇಡುವುದನ್ನೇ ಮರೆತಿದ್ದಳಂತೆ.

ಇವಳಿಗೇನು ಗೊತ್ತು, ಅಂದುಕೊಂಡೆ.
ಹೋದ ಚಳಿಗಾಲ ಕೈಗವಸು ಕಳೆದುಕೊಂಡು ಅತ್ತವಳು.
ಇವತ್ತಿಗೂ ನಾಯಿಯನ್ನು ಕದ್ದು ಹಾಸಿಗೆಗೆ ಸೇರಿಸಿಕೊಳ್ಳುವವಳು.

ಆದರೆ ನಾನೇ ಅಲ್ಲವೇ
ಹೆಸರಿಟ್ಟ ದಿನವೇ ಒಂದು ಹೆಣ್ಣು ಹಿಮಸಾರಂಗವನ್ನೂ
ಅವಳದೇ ಒಂದು ಕಿವಿಗುರುತನ್ನೂ ಕೊಟ್ಟವನು?
ಬಲಗಿವಿಗೆ ಎರಡು ಕಚ್ಚು, ಎಡಗಿವಿಯ ತುದಿಗೆ ಒಂದು ಓರೆ.
ಏಳಕ್ಕೆ ಚೂರಿ ಅವಳ ಕೈಯಲ್ಲಿತ್ತು.
ಒಂಬತ್ತಕ್ಕೆ, ಕೌಟೊಕೈನೊದ ನಮ್ಮ ಬೇಲಿಯೊಳಗೆ,
ಕುಂಟುತ್ತಿದ್ದ ಬಿಳಿಯದರ ಮುಂದೆ ನಿಲ್ಲಿಸಿ ಕೇಳಿದ್ದೆ,
ಕಡಿಯುವುದೋ ಬಿಡುವುದೋ, ನಿನ್ನದು, ನೀನೇ ಹೇಳು.
ಅದರ ಗೊರಸು ಹಿಡಿದು ಬಹಳ ಹೊತ್ತು ಕೂತಿದ್ದಳು.
ಇದು ಚಳಿಗಾಲ ದಾಟಲ್ಲ, ಅಂದಳು.
ನೆಂಟರಿಗೆಲ್ಲ ಹೇಳಿಕೊಂಡು ತಿರುಗಿದ್ದೆ ಆ ವರ್ಷವಿಡೀ.

ರಾತ್ರಿ ಕೇಳಿದೆ: ನಾನು ಸಹಿ ಹಾಕದೇ ಇದ್ದರೆ?
ಫೋನಿನಿಂದ ಕಣ್ಣೆತ್ತಲಿಲ್ಲ.
ಹಾಕ್ತೀಯ.
ಆದರೆ ನಾನು ಹಟ ಮಾಡಿದೆ ಅಂತ ಹಾಕಬೇಡ.
ನಾನು ಅಷ್ಟು ಪ್ರಶ್ನೆ ಕೇಳಿದೆ.
ನೀನು ಒಂದೂ ಕೇಳಲಿಲ್ಲ, ಅಪ್ಪ.

ಬೆಳಗ್ಗೆ ಚಿತ್ರ ನೋಡಿದೆ.
ನೋವು ಎಷ್ಟು ದಿನ, ಕೇಳಿದೆ. ಚಳಿಗೆ ಕಟ್ಟುಗಾಲು ಬಿಗಿಯುತ್ತದೋ.
ತಿರುಗಿಸಿದ ಪಾದಕ್ಕೆ ಕಾಲುಚೀಲ ಹಾಕುವುದು ಹೇಗೆ.
ಹಾಲ್ದಿಸ್ ಕೆಲವಕ್ಕೆ ಉತ್ತರ ಕೊಟ್ಟರು,
ಕೆಲವಕ್ಕೆ ಗೊತ್ತಿಲ್ಲ ಅಂದರು.
ಸಹಿ ಹಾಕಿದೆ.
ಹೆಂಡತಿಯೂ ಹಾಕಿದಳು, ಕಾಗದ ತೂತಾಗುವಷ್ಟು ಒತ್ತಿ.

ರಿಸ್ತೆನ್ ಪೆನ್ನು ಕೇಳಿ ಪಡೆದು
ಕೆಳಗಿನ ಖಾಲಿ ಜಾಗದಲ್ಲಿ ಎರಡು ಕಿವಿ ಬಿಡಿಸಿದಳು,
ಬಲಕ್ಕೆ ಎರಡು ಕಚ್ಚು, ಎಡಕ್ಕೆ ಓರೆ.
ಇದು ದಾಖಲೆಗೆ ಸೇರುತ್ತದೋ ಇಲ್ಲವೋ, ಅಂದರು ಡಾಕ್ಟರ್.
ಅಳಿಸಲಿಲ್ಲ.

ಆಮೇಲೆ ರಕ್ತಕ್ಕೆಂದು ನರ್ಸ್ ಬಂದಳು,
ಮೂರು ತಿಂಗಳಿಂದ ಬರುವ ಅದೇ ಸಣ್ಣ ಸೂಜಿ ಹಿಡಿದು.
ಮಗಳು ನನ್ನ ಅಂಗಿಯೊಳಗೆ ಮುಖ ಹುದುಗಿಸಿದಳು.
ಮುಗೀತಾ?
ಇಲ್ಲ, ಅಂದೆ.
ಇನ್ನೂ ಚುಚ್ಚಿಯೇ ಇಲ್ಲ.